ಜಾಗ ಬದಲಿಸಿ ನೋಡೋಣ

ಮಕ್ಕಳೇ, ತರಗತಿಯಲ್ಲಿ ನೀವು ಎಲ್ಲಿ ಕೂರುತ್ತೀರಿ? ಮೊದಲ ಸಾಲಿನಲ್ಲೋ, ಕಿಟಕಿ ಪಕ್ಕದಲ್ಲೋ, ಕೊನೆಯ ಬೆಂಚಿನಲ್ಲೋ? ಜೂನ್‌ನಲ್ಲಿ ಹಿಡಿದ ಜಾಗ ವರ್ಷವಿಡೀ ನಿಮ್ಮದೇ ಆಗಿಬಿಡುತ್ತದೆ, ಅಲ್ಲವೇ?

ನಲಿ-ಕಲಿಯಲ್ಲಿ ಹಾಗಿರಲಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅಲ್ಲಿ ನೀವು ಗುಂಪಾಗಿ ಸುತ್ತ ಕುಳಿತು ಕಲಿತಿರಿ. ಕಲಿಕಾ ಏಣಿಯಲ್ಲಿ ಮುಂದೆ ಹೋದಂತೆ ಗುಂಪೂ ಬದಲಾಗುತ್ತಿತ್ತು. ಕೊನೆಯ ಸಾಲು ಎಂಬುದೇ ಇರಲಿಲ್ಲ. ಮೇಲಿನ ತರಗತಿಗೆ ಬಂದಾಗ ಎಲ್ಲರೂ ಒಂದೇ ಕರಿಹಲಗೆಯತ್ತ ಮುಖ ಮಾಡಿ ಸಾಲಾಗಿ ಕುಳಿತಿರಿ. ಆಗ ಕೂರುವ ಜಾಗಕ್ಕೆ ಮಹತ್ವ ಬಂತು.

ಏಕೆ ಗೊತ್ತೇ? ಮೊದಲನೆಯದು ಶಬ್ದ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳಿಂದ ಪ್ರತಿಫಲಿಸಿದ ಧ್ವನಿಯೂ ಸೇರುವುದರಿಂದ ಅಷ್ಟೊಂದು ಇಳಿಯದು. ಆದರೆ ನಮ್ಮ ಮೂಡಿಗೆರೆ, ಕಳಸದ ಮಳೆ ತಗಡಿನ ಮಾಡಿನ ಮೇಲೆ ಸುರಿಯುವಾಗ ಹಿಂದಿನ ಸಾಲಿಗೆ ಟೀಚರ ಮಾತು ಸರಿಯಾಗಿ ಕೇಳುವುದಿಲ್ಲ.

ಎರಡನೆಯದು ಬೆಳಕು. ಪತನ ಕೋನ ಮತ್ತು ಪ್ರತಿಫಲನ ಕೋನ ಸಮ. ಕಿಟಕಿಯ ಬೆಳಕು ನುಣುಪಾದ ಹಲಗೆಗೆ ಬಿದ್ದು ಯಾರ ಕಣ್ಣಿನತ್ತ ಪ್ರತಿಫಲಿಸುತ್ತದೋ ಅವರಿಗೆ ಅಕ್ಷರದ ಬದಲು ಬಿಳಿ ಹೊಳಪು ಕಾಣುತ್ತದೆ. ಸ್ವಲ್ಪ ಸರಿದು ಕುಳಿತರೆ ಅದು ಮಾಯ!

ಶಾಲೆಗಳಿಗೆ ಹೋದಾಗ ನಾನು ಕೊನೆಯ ಸಾಲಿನಲ್ಲಿ ಕುಳಿತೇ ಪಾಠ ಕೇಳುತ್ತೇನೆ. ಒಂದು ಜುಲೈನಲ್ಲಿ, ಕಾಫಿ ತೋಟದ ಲೈನ್ ಮನೆಯಿಂದ ಬರುವ ಆರನೇ ತರಗತಿಯ ಹುಡುಗಿ ನನ್ನ ಪಕ್ಕದಲ್ಲಿದ್ದಳು. ಹಲಗೆಯ ಮೇಲೆ 68 ಇದ್ದರೆ ಅವಳ ಪುಸ್ತಕದಲ್ಲಿ 88. "ಅವಳು ಲೆಕ್ಕದಲ್ಲಿ ಹಿಂದೆ, ಸಾರ್" ಎಂದರು ಗೆಳತಿಯರು. ಆದರೆ ಲೆಕ್ಕ ಮಾಡಿದ ಕ್ರಮ ಸರಿಯಾಗಿಯೇ ಇತ್ತು! ಅವಳನ್ನು ಮುಂದೆ ಕೂರಿಸಿ, ಮುಂದಿದ್ದ ಹುಡುಗನನ್ನು ಅವಳ ಜಾಗಕ್ಕೆ ಕಳಿಸಿದೆವು. ಅವಳಿಗೆ ಈಗ 68 ಕಂಡಿತು. ಅವಳ ಜಾಗದಲ್ಲಿ ಕುಳಿತ ಹುಡುಗನಿಗೂ 68 ಕಂಡಿತು. ಹಾಗಾದರೆ ತೊಂದರೆ ಜಾಗದ್ದಲ್ಲ, ಲೆಕ್ಕದ್ದೂ ಅಲ್ಲ. ಕಣ್ಣಿನ ಪರೀಕ್ಷೆಯಲ್ಲಿ ಸಮೀಪದೃಷ್ಟಿ ಎಂದು ತಿಳಿಯಿತು. ಹತ್ತಿರದ್ದು ಸ್ಪಷ್ಟ, ದೂರದ್ದು ಮಸುಕು. ಕನ್ನಡಕ ಬಂದ ಮೇಲೆ ಎಲ್ಲಿ ಕುಳಿತರೂ ಅವಳಿಗೆ ಹಲಗೆ ಕಾಣುತ್ತದೆ. ಅಲ್ಲಿಯವರೆಗೆ ಎಷ್ಟು ದಿನ ದಡ್ಡಿ ಎನಿಸಿಕೊಂಡಿದ್ದಳೋ!

2025ರಲ್ಲಿ ಕೇರಳದ ಕೆಲವು ಶಾಲೆಗಳು ಹಿಂದಿನ ಸಾಲನ್ನೇ ತೆಗೆದು, ಬೆಂಚುಗಳನ್ನು ಗೋಡೆಗಳ ಬದಿಗೆ ಹಾಕಿದವು. ಯಾರೂ ಯಾರ ಹಿಂದೆಯೂ ಇಲ್ಲ. ಆದರೆ ಪಕ್ಕದ ಬದಿಗಳಲ್ಲಿ ಕುಳಿತವರು ಕತ್ತು ತಿರುಗಿಸಿಯೇ ಹಲಗೆ ನೋಡಬೇಕು. ಆದ್ದರಿಂದ ಹೇಗೆ ಕುಳಿತರೂ ಆಗಾಗ ಜಾಗ ಬದಲಿಸುವುದು ಒಳ್ಳೆಯದು.

ನೀವೂ ಮಾಡಿ ನೋಡಿ. ಮಳೆ ಬರುವಾಗ ಟೀಚರ್ ಒಂದೇ ಕಡೆ ನಿಂತು 10 ಪದ ಓದಲಿ. ಕೇಳಿದ್ದನ್ನು ಬರೆಯಿರಿ. ನಂತರ ಹಿಂದಿನವರು ಮುಂದೆ, ಮುಂದಿನವರು ಹಿಂದೆ ಕುಳಿತು ಅಷ್ಟೇ ಸುಲಭದ ಬೇರೆ 10 ಪದ ಬರೆಯಿರಿ. ಓದುವ ಧ್ವನಿ, ಮಳೆಯ ಜೋರು ಒಂದೇ ರೀತಿ ಇರಲಿ. ಜಾಗ ಮಾತ್ರ ಬದಲಾಗಲಿ. ಒಂದು ಜಾಗದಲ್ಲಿ ಯಾರು ಕುಳಿತರೂ ತಪ್ಪು ಹೆಚ್ಚಾದರೆ ಆ ಬೆಂಚನ್ನು ಸರಿಸಿ. ಒಬ್ಬರಿಗೇ ಎಲ್ಲಿ ಕುಳಿತರೂ ಕಷ್ಟವಾದರೆ ನಗಬೇಡಿ, ಟೀಚರಿಗೆ ತಿಳಿಸಿ. ಅವರ ಕಿವಿಯ ಪರೀಕ್ಷೆ ಆಗಬೇಕು.