ಬೆಳಗಿನ ಮಂಪರು

ಮನೋವೈದ್ಯರು ಬರೆದುಕೊಟ್ಟ ಮಾತ್ರೆ ನಿದ್ದೆಯನ್ನೇನೋ ತಂದಿತು; ನನ್ನ ಬೆಳಗನ್ನು ಕಿತ್ತುಕೊಂಡಿತು. ಆರಕ್ಕೆ ಎದ್ದರೂ ತಲೆಯೊಳಗೆ ಹತ್ತಿ ತುಂಬಿದ ಹಾಗೆ, ಬಾಯೆಲ್ಲ ಒಣಗಿ ಅಂಟಂಟು. ಹಾಲು ಉಕ್ಕುವುದು ಕಣ್ಣಿಗೆ ಕಾಣುತ್ತೆ, ಒಲೆ ಆರಿಸಲು ಕೈ ಏಳೋಲ್ಲ. “ಸೋಮಾರಿತನಕ್ಕೂ ಈಗ ಮಾತ್ರೆ ಬಂದಿದೆಯೇನಮ್ಮ?” ಎಂದರು ಅತ್ತೆ. ಮಗಳಿಗೆ ಡಬ್ಬಿ ಕಟ್ಟಿದವರು ನಮ್ಮೆಜಮಾನರು. ಉಪ್ಪಿಲ್ಲದ ಚಿತ್ರಾನ್ನ, ಪಾಪ!

ಮಾತ್ರೆ ಬಿಟ್ಟೇಬಿಡೋಣ ಎನಿಸಿತು. ಆದರೆ ನಿದ್ದೆಯಿಲ್ಲದೆ ಕಳೆದ ಆ ಮೂರು ತಿಂಗಳು ನೆನೆದರೆ ಈಗಲೂ ಎದೆ ನಡುಗುತ್ತೆ. ಡಾಕ್ಟರನ್ನೇ ಕೇಳಿದೆ. ನನ್ನದು ಕ್ವೆಟಿಯಾಪಿನ್, ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 6-7 ಗಂಟೆ ಬೇಕಂತೆ. ಮಿರ್ಟಾಜಪಿನ್ ಎಂಬ ಮಾತ್ರೆಗಾದರೆ 20ರಿಂದ 40 ಗಂಟೆ! ಪಾತ್ರೆ ತೊಳೆದು, ಹೆಪ್ಪು ಹಾಕಿ, ಹನ್ನೊಂದಕ್ಕೆ ಮಾತ್ರೆ ನುಂಗುವ ಗೃಹಿಣಿಗೆ ಆರಕ್ಕೆ ಮಂಪರು ಹರಿಯುವುದಾದರೂ ಹೇಗೆ, ನೀವೇ ಹೇಳಿ.

ಈಗ ಅವರ ಸಲಹೆಯಂತೆ ಒಂಬತ್ತಕ್ಕೇ ಮಾತ್ರೆ. ಪಾತ್ರೆ, ಹೆಪ್ಪು ಯಜಮಾನರ ಪಾಲಿಗೆ. ಮಂಪರು ಪೂರ್ತಿ ಹೋಗಿಲ್ಲ, ಅರ್ಧ ಇಳಿದಿದೆ. ತರಕಾರಿ ಸಂಜೆಯೇ ಹೆಚ್ಚಿಡುತ್ತೇನೆ. ಬೆಳಗ್ಗೆ ಏಳೂವರೆಯವರೆಗೆ ಈಳಿಗೆಮಣೆ ಮುಟ್ಟೋದಿಲ್ಲ, ತಲೆ ತಿಳಿಯಾಗುವವರೆಗೆ ಸ್ಕೂಟರೂ ಇಲ್ಲ. “ನಿಮ್ಮ ಬಿ.ಪಿ. ಮಾತ್ರೆಯ ಹಾಗೇ ಇದೂ ಒಂದು, ಅತ್ತೆ” ಎಂದೆ. ಅವರು ಮಾತಾಡಲಿಲ್ಲ. ಮರುದಿನ ಹಾಲಿನ ಮುಂದೆ ಅವರೇ ನಿಂತಿದ್ದರು.