ಮೂರನೆಯ ಸಹಿ

1999ರ ಫೆಬ್ರವರಿ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಎಂ.ಎ. ಮೊದಲ ವರ್ಷದಲ್ಲಿದ್ದೆ. ರೋಣದಂಥ ಊರಿನಿಂದ ಹೋದವನ ಕೋಣೆಯ ಬಾಗಿಲು ಬಡಿಯುವವರು ಹಾಸ್ಟೆಲಿನಲ್ಲಿ ಹೆಚ್ಚಿರಲಿಲ್ಲ. ಹಾಗಾಗಿ ಆ ಸಂಜೆ ಯಾರೋ ಬಡಿದಾಗ ಖುಷಿಯಿಂದಲೇ ತೆರೆದೆ. ಮೂವರು ನಿಂತಿದ್ದರು. ಇಬ್ಬರು ಅಪರಿಚಿತರು. ಮೂರನೆಯವನು ಪಕ್ಕದ ಸಾಲಿನ ಕೋಣೆಯ ಬೆಟಗೇರಿ ಹುಡುಗ. ಗದಗ ಆಗಿನ್ನೂ ಹೊಸ ಜಿಲ್ಲೆ, 1997ರಲ್ಲಿ ಧಾರವಾಡದಿಂದ ಬೇರೆಯಾದದ್ದು. ನಮ್ಮ ಜಿಲ್ಲೆಯವರು ಎಂದು ಹಾಸ್ಟೆಲಿನಲ್ಲಿ ಹೇಳಿಕೊಳ್ಳಲು ನಾವಿಬ್ಬರೇ ಇದ್ದದ್ದು.

ಬಂದವರು ಹೈದರಾಬಾದಿನ ಕ್ರೈಸ್ತ ವಿದ್ಯಾರ್ಥಿಗಳು. ಒಟ್ಟು ಏಳು ಜನ, ತಮ್ಮ ಖರ್ಚಿನಲ್ಲಿ ರೈಲು ಹತ್ತಿ ಬಂದು, ನಾಲ್ಕು ದಿನ ಕ್ಯಾಂಪಸ್ಸಿನಲ್ಲಿ ಏಸುವಿನ ವಿಷಯ ಮಾತಾಡಿ ಹೋಗುವ ಯೋಜನೆ. ಒಬ್ಬ ಮಾತಾಡುತ್ತಿದ್ದ. ಅವನ ಹಿಂದೆ ಇದ್ದವನು ತಲೆ ತಗ್ಗಿಸಿ, ತುಟಿ ಅಲ್ಲಾಡಿಸದೆ ನಿಂತಿದ್ದ. ಅವನನ್ನು ನೋಡಿದ ಕೂಡಲೇ ನನಗೆ ನಗು ಬಂತು. ಅದು ನಾನೇ ಆಗಿದ್ದೆ.

ಪಿಯುಸಿಯಲ್ಲಿದ್ದಾಗ ಮೂರು ದಿನದ ಜಮಾಅತ್‌ನಲ್ಲಿ ನರಗುಂದಕ್ಕೂ ಗಜೇಂದ್ರಗಡಕ್ಕೂ ಹೋಗಿದ್ದೆ. ಅಸರ್ ನಮಾಝಿನ ನಂತರ ಗಶ್ತ್. ಊರಿನವನೊಬ್ಬ ರಹಬರ್ ಆಗಿ ಮನೆ ತೋರಿಸುತ್ತಾನೆ, ಒಬ್ಬ ಮಾತಾಡುತ್ತಾನೆ, ಉಳಿದವರು ಮನಸ್ಸಿನಲ್ಲೇ ಝಿಕ್ರ್ ಮಾಡುತ್ತಾ ಕಣ್ಣು ತಗ್ಗಿಸಿ ನಿಲ್ಲಬೇಕು. ನರಗುಂದದ ಗುಡ್ಡದ ಬುಡದ ಓಣಿಯಲ್ಲಿ ಒಂದು ಮನೆಯಿಂದ ಪುಟ್ಟ ಹುಡುಗ ಹೊರಗೆ ಬಂದು, "ಅಬ್ಬಾ ಮನ್ಯಾಗ ಇಲ್ಲ ಅಂತ ಹೇಳು ಅಂದಾರ" ಎಂದಿದ್ದ. ನಮ್ಮ ಅಮೀರ್ ಸಾಹೇಬರು ನಗದೆ, "ಸಲಾಂ ಹೇಳಪ್ಪಾ" ಎಂದು ಮುಂದೆ ನಡೆದರು. ನಾವು ಹೋದದ್ದು ಮುಸ್ಲಿಮರ ಮನೆಗಳಿಗೆ ಮಾತ್ರ, ಇವರು ಬಂದದ್ದು ಎಲ್ಲರ ಬಾಗಿಲಿಗೆ. ವ್ಯತ್ಯಾಸ ಸಣ್ಣದಲ್ಲ, ಬಲ್ಲೆ. ಆದರೆ ಬಾಗಿಲ ಹೊರಗೆ ನಿಂತವನ ಗಂಟಲು ಒಣಗುವುದು ಎರಡೂ ಕಡೆ ಒಂದೇ ರೀತಿ.

ಒಳಗೆ ಕರೆದೆ. ಚಹಾ ತರಿಸಿದೆ. ಅವರ ಕೈಯಲ್ಲಿ ಸಮೀಕ್ಷೆಯ ಹಾಳೆ ಇತ್ತು: ದೇವರನ್ನು ನಂಬುತ್ತೀರಾ, ಸತ್ತ ಮೇಲೆ ಏನು, ಇತ್ಯಾದಿ. ಇದೊಂದು ನನಗೆ ಹಿಡಿಸಲಿಲ್ಲ. ಅದು ಸಮೀಕ್ಷೆಯಲ್ಲ, ಮಾತು ಶುರು ಮಾಡುವ ಉಪಾಯ. ನೇರವಾಗಿ ಹೇಳಬಹುದಿತ್ತು. ನಮ್ಮಲ್ಲೂ ಈಸಾ ಅಲೈಹಿಸ್ಸಲಾಂ ಪ್ರವಾದಿ, ಕುರ್‌ಆನಿನಲ್ಲಿ ಮರ್ಯಮ್ ಹೆಸರಿನ ಒಂದು ಅಧ್ಯಾಯವೇ ಇದೆ ಎಂದೆ. ತಲೆ ತಗ್ಗಿಸಿದ್ದವನು ಮೊದಲ ಸಲ ಕಣ್ಣೆತ್ತಿ ನೋಡಿದ. ಅವನಿಗೆ ಗೊತ್ತಿರಲಿಲ್ಲ. ಏಸು ದೇವರ ಮಗ ಎಂಬಲ್ಲಿ ನಾವು ಒಪ್ಪಲಿಲ್ಲ. ಒಂದು ಗಂಟೆ ವಾದ ಮಾಡಿದೆವು. ಹೋಗುವಾಗ ಚಿಕ್ಕದೊಂದು ಹೊಸ ಒಡಂಬಡಿಕೆ ಕೊಟ್ಟರು. ಅಷ್ಟೇ.

ವಿದ್ಯಾರ್ಥಿಗಳೇ ಮಿಶನರಿಗಳಾಗಿ ಹೊರಡುವುದು ಹೊಸದೇನಲ್ಲ. 1886ರಲ್ಲಿ ಅಮೆರಿಕದ ಮೌಂಟ್ ಹರ್ಮನ್‌ನಲ್ಲಿ ನೂರು ವಿದ್ಯಾರ್ಥಿಗಳು ಪರದೇಶಗಳಿಗೆ ಹೋಗುವ ಸಂಕಲ್ಪ ಮಾಡಿದಲ್ಲಿಂದ ಅದೊಂದು ಚಳವಳಿಯೇ ಆಯಿತು. ನಮ್ಮ ಭಾಗಕ್ಕೆ ಮಿಶನ್ ಅದಕ್ಕೂ ಮೊದಲೇ ಬಂದಿತ್ತು. ಬಾಸೆಲ್ ಮಿಶನ್ನಿನವರು ಧಾರವಾಡಕ್ಕೆ 1837ರಲ್ಲಿ, ಬೆಟಗೇರಿಗೆ 1841ರಲ್ಲಿ ಬಂದರು. ಧರ್ಮ ಹೇಳಲೆಂದೇ ಬಂದವರು. ಶಾಲೆ, ದವಾಖಾನೆಗಳೂ ಉಳಿದವು. ಕನ್ನಡಕ್ಕೆ 1894ರ ಕಿಟ್ಟೆಲ್ ನಿಘಂಟು ಸಿಕ್ಕಿತು. ನನ್ನ ಅಮ್ಮಿ ನನ್ನನ್ನು ಹೆತ್ತದ್ದು ಬೆಟಗೇರಿಯ ಮಿಶನ್ ದವಾಖಾನೆಯಲ್ಲಿ. ಆಕೆಯ ಐದು ಹೊತ್ತಿನ ನಮಾಝಿಗೆ ಅದರಿಂದ ಏನೂ ಆಗಲಿಲ್ಲ.

ಆದರೆ ಆ ಫೆಬ್ರವರಿ ಬೇರೆಯಾಗಿತ್ತು. ಹಿಂದಿನ ತಿಂಗಳಷ್ಟೇ ಒರಿಸ್ಸಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಅವರನ್ನೂ ಇಬ್ಬರು ಎಳೆಯ ಮಕ್ಕಳನ್ನೂ ವಾಹನದಲ್ಲಿ ಮಲಗಿದ್ದಲ್ಲೇ ಸುಟ್ಟಿದ್ದರು. ಪತ್ರಿಕೆಗಳ ತುಂಬಾ ಮತಾಂತರದ್ದೇ ಚರ್ಚೆ. ಸುಟ್ಟವರಿಗಿಂತ ಸುಟ್ಟುಹೋದವನೇ ಹೆಚ್ಚು ಜವಾಬು ಹೇಳಬೇಕಾಗಿತ್ತು.

ಮೂರನೆಯ ದಿನ ಸಂಜೆ ಆ ಹುಡುಗರು ಮರದ ಕೆಳಗೆ ಗಿಟಾರ್ ಹಿಡಿದು ಹಾಡುತ್ತಿದ್ದಾಗ ಗಲಾಟೆಯಾಯಿತು. ರಾತ್ರಿ ನಮ್ಮ ಸಾಲಿನಲ್ಲಿ ಒಂದು ದೂರುಪತ್ರ ತಿರುಗಿತು: ಹಣದ ಆಮಿಷ ತೋರಿಸಿ ಮತಾಂತರಕ್ಕೆ ಯತ್ನ. ನನ್ನ ಬಳಿಗೂ ತಂದರು. "ನೀನು ಮುಸ್ಲಿಂ ಇದ್ದೀಯ, ನಿನ್ನ ಸಹಿ ಇದ್ದರೆ ತೂಕ ಬರುತ್ತೆ" ಎಂದರು. ನನಗೆ ಯಾರೂ ಹಣ ತೋರಿಸಿರಲಿಲ್ಲ. ಚಹಾದ ದುಡ್ಡು ಕೊಟ್ಟವನೂ ನಾನೇ. ಆದರೆ ನಾಲ್ಕು ತಿಂಗಳಿಂದ ನನ್ನನ್ನು ಮಾತಾಡಿಸದವರು ಅಂದು ಹೆಗಲ ಮೇಲೆ ಕೈ ಹಾಕಿ ನಿಂತಿದ್ದರು. ಅವರು ಪೆನ್ನು ಕೊಟ್ಟರು, ನಾನು ಸಹಿ ಮಾಡಿದೆ.

ಬಂದವರು ಬೆಳಗಾಗುವುದರೊಳಗೆ ಹೊರಡಬೇಕಾಯಿತು. ಅವರನ್ನು ಕರೆಸಿದ ಬೆಟಗೇರಿ ಹುಡುಗನಿಗೆ ಹಾಸ್ಟೆಲ್ ಬಿಡಲು ಹೇಳಿದರು. ಅವನು ಯಾರದೋ ಮನೆಯ ಮಹಡಿ ಮೇಲಿನ ತಗಡಿನ ಕೋಣೆಗೆ ಹೋದ.

ಸಂವಿಧಾನದ 25ನೆಯ ವಿಧಿ ಧರ್ಮವನ್ನು ನಂಬುವುದಕ್ಕೆ, ಆಚರಿಸುವುದಕ್ಕೆ ಮಾತ್ರವಲ್ಲ, ಪ್ರಚಾರ ಮಾಡುವುದಕ್ಕೂ ಹಕ್ಕು ಕೊಟ್ಟಿದೆ. ಪ್ರಚಾರದ ಹಕ್ಕೆಂದರೆ ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎರಡರ ನಡುವೆ ಗೆರೆ ಎಲ್ಲಿದೆ ಎಂಬುದು ಕೊನೆಗೆ ಸಾಕ್ಷಿ ಹೇಳುವವನ ಮೇಲೆ ನಿಲ್ಲುತ್ತದೆ. 2022ರಲ್ಲಿ ಕರ್ನಾಟಕದಲ್ಲೂ ಮತಾಂತರ ವಿರೋಧಿ ಕಾನೂನು ಬಂತು, ಮೂವತ್ತು ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂಬ ನಿಯಮ, ಜೈಲು ಎಲ್ಲದರೊಂದಿಗೆ. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆ ಸುದ್ದಿಗಳನ್ನು ಓದುವಾಗಲೆಲ್ಲ ನಮ್ಮವರು ಯಾವ ಕಡೆ ನಿಲ್ಲಬೇಕೆಂದು ಗೆಳೆಯರು ಕೇಳುತ್ತಿದ್ದರು. ನನಗೆ ಮಾತ್ರ ಆ ಹಾಳೆ ನೆನಪಾಗುತ್ತಿತ್ತು.

ಆ ವರ್ಷ ರಜೆಗೆ ಊರಿಗೆ ಹೊರಟಾಗ ರಾತ್ರಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಅವನೇ ಬಂದು ಕುಳಿತ. ಏನೂ ಆಗಿಲ್ಲವೆಂಬಂತೆ ಬುತ್ತಿ ಬಿಚ್ಚಿದ. ಕಟಕ ರೊಟ್ಟಿ, ಶೇಂಗಾ ಚಟ್ನಿ. ತಿಂದೆವು. ಪರೀಕ್ಷೆ, ಮಳೆ, ಹತ್ತಿಯ ದರ ಎಲ್ಲ ಮಾತಾಡಿದೆವು. ದೂರಿನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ನಸುಕಿನಲ್ಲಿ ಗದಗ ಬಂತು. ಅವನು ಚೀಲ ಹೆಗಲಿಗೇರಿಸಿ ಎದ್ದು ನಿಂತ.

"ಆ ಪಟ್ಟಿ ನಾನೂ ನೋಡೀನಿ. ನಿಂದು ಮೂರನೇದು" ಎಂದ.

ನನಗೆ ಮಾತು ಹೊರಡಲಿಲ್ಲ. ಅವನು ರೊಟ್ಟಿಯ ಗಂಟನ್ನು ನನ್ನ ತೊಡೆಯ ಮೇಲಿಟ್ಟ. "ಉಳದದ್ದು ನಿನ್ನ ಕಡೇನ ಇರ್ಲಿ. ರೋಣ ಇನ್ನೂ ದೂರ ಐತಿ" ಎಂದು ಇಳಿದು ಹೋದ.