ಸೋತು ಬಂದವರಿಗೂ ಚಪ್ಪಾಳೆ ತಟ್ಟಿದ ಊರು

ಸ್ಪೇನ್‌ನ ಪಾಂಪ್ಲೋನಾ ಅಂದ್ರೆ ನಮಗೆಲ್ಲ ನೆನಪಾಗೋದು ಗೂಳಿ ಓಟ. ಅಲ್ಲಿಂದ ಅರ್ಗಾ ನದಿ ದಂಡೆ ಹಿಡಿದು ಒಂದು ಗಂಟೆ ನಡೆದರೆ ವಿಯಾವಾ ಅನ್ನೋ ಚಿಕ್ಕ ಊರು ಸಿಗುತ್ತೆ. ಸಾಂಟಿಯಾಗೋಗೆ ಹೊರಟ ಪಾದಯಾತ್ರಿಗಳು ಹಳೇ ಕಲ್ಲಿನ ಸೇತುವೆ ದಾಟಿ ಈ ಊರಿನ ಮೂಲಕವೇ ಪಾಂಪ್ಲೋನಾ ಸೇರ್ತಾರೆ. ನಾನು ಮಾತ್ರ ಅವರಿಗೆ ಎದುರಾಗಿ ನಡೆದೆ. ನನಗೆ ನೋಡಬೇಕಿದ್ದದ್ದು ಮಿಗೆಲ್ ಇಂಡುರೈನ್ ಹುಟ್ಟಿದ ಊರು.

1964ರಲ್ಲಿ ಇಲ್ಲಿನ ರೈತ ಕುಟುಂಬದಲ್ಲಿ ಹುಟ್ಟಿದವರು ಇಂಡುರೈನ್. ಹುಡುಗನಾಗಿದ್ದಾಗ ಸೈಕಲ್ ಕಳುವಾಯ್ತು. ಅಪ್ಪನ ಜೊತೆ ಹೊಲದಲ್ಲಿ ದುಡಿದು ಇನ್ನೊಂದು ಕೊಂಡರಂತೆ. ಮುಂದೆ 1991ರಿಂದ 1995ರವರೆಗೆ ಸತತ ಐದು ಸಲ ಟೂರ್ ಡಿ ಫ್ರಾನ್ಸ್ ಗೆದ್ದರು. 1992, 1993ರಲ್ಲಿ ಇಟಲಿಯ ಜಿರೋ ಕೂಡ ಅವರದ್ದೇ.

ಆರಡಿ ದಾಟಿದ ಎತ್ತರ, ಸುಮಾರು 80 ಕೆಜಿ ತೂಕ. ಬೆಟ್ಟ ಹತ್ತೋಕೆ ಹೇಳಿ ಮಾಡಿಸಿದ ಮೈಕಟ್ಟು ಅಲ್ಲವೇ ಅಲ್ಲ. ಹಾಗಾಗಿ ಒಬ್ಬೊಬ್ಬರೇ ಗಡಿಯಾರದ ಎದುರು ಓಡಿಸುವ ಟೈಮ್ ಟ್ರಯಲ್‌ನಲ್ಲಿ ನಿಮಿಷಗಟ್ಟಲೆ ಮುಂದೆ ಹೋಗೋದು, ಬೆಟ್ಟದಲ್ಲಿ ಎದುರಾಳಿಗಳ ಬೆನ್ನು ಬಿಡದೆ ಅದನ್ನು ಕಾಯ್ದುಕೊಳ್ಳೋದು. ಇದೇ ಅವರ ಲೆಕ್ಕಾಚಾರ. 1992ರಲ್ಲಿ ಲಕ್ಸೆಂಬರ್ಗ್‌ನ 65 ಕಿ.ಮೀ. ಟೈಮ್ ಟ್ರಯಲ್‌ನಲ್ಲಿ ಎರಡನೆಯವರಿಗಿಂತ ಮೂರು ನಿಮಿಷ ಮುಂದಿದ್ದರು!

ಆದರೆ ಈ ಊರಿನ ರಸ್ತೆಯಲ್ಲಿ ನಿಂತಾಗ ನನ್ನ ಮನಸ್ಸಿಗೆ ಬಂದದ್ದು 1996. ಆ ವರ್ಷದ ಟೂರ್ ಸ್ಪರ್ಧೆ ವಿಯಾವಾ ಹಾದು ಪಾಂಪ್ಲೋನಾಗೆ ಬಂತು. ಆರನೇ ಗೆಲುವಿನ ಮೆರವಣಿಗೆ ಆಗಬೇಕಿದ್ದ ದಿನ ಅದು. ಆದರೆ ಲೇಜಾರ್ಕ್ ಬೆಟ್ಟದಲ್ಲೇ ಮೂರು ನಿಮಿಷಕ್ಕೂ ಹೆಚ್ಚು ಕಳೆದುಕೊಂಡಿದ್ದ ಇಂಡುರೈನ್, ತಮ್ಮೂರಿಗೆ ಬಂದಾಗ ಗೆಲ್ಲುವ ಗುಂಪಿನಿಂದ ಬಹಳ ಹಿಂದಿದ್ದರು. ಹಿಂದಿನ ದಿನವಷ್ಟೇ ಅವರಿಗೆ 32 ತುಂಬಿತ್ತು. ರಸ್ತೆಯ ಎರಡೂ ಬದಿ ಕಿಕ್ಕಿರಿದ ಜನ ಅವರಿಗೇ ಜೈಕಾರ ಹಾಕಿದರು. ಹಳದಿ ಜೆರ್ಸಿಯಲ್ಲಿದ್ದ ಬ್ಯಾರ್ನೆ ರೀಸ್ ಅವರನ್ನು ವೇದಿಕೆಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಕೆಲವೇ ವಾರಗಳಲ್ಲಿ ಅಟ್ಲಾಂಟಾ ಒಲಿಂಪಿಕ್ಸ್‌ನ ಟೈಮ್ ಟ್ರಯಲ್ ಚಿನ್ನ ಗೆದ್ದರು. ಇನ್ನೂ ಶಕ್ತಿ ಇತ್ತು, ಅಲ್ವಾ? ಆದರೂ 1997ರ ಜನವರಿಯಲ್ಲಿ ಸಾಕು ಅಂದರು. ಪ್ರಮೋಷನ್, ಟಾರ್ಗೆಟ್ ಅಂತ ಓಡೋ ನಮ್ಮಂಥವರಿಗೆ 'ಸಾಕು' ಅನ್ನೋ ಮಾತು ಎಷ್ಟು ಕಷ್ಟ ನೋಡಿ.

ಪಾಂಪ್ಲೋನಾಗೆ ಹೋದರೆ ಒಂದು ಬೆಳಗ್ಗೆ ಈ ಊರಿಗೆ ಮೀಸಲಿಡಿ. ಸೈಕಲ್ ಬಾಡಿಗೆಗೆ ಸಿಕ್ಕರಂತೂ ಇನ್ನೂ ಚೆನ್ನ.